ಚಂದ್ರನ ಮೇಲೆ ನಡೆಯುವವರ ಮೈಮೇಲೆ ಯಾವ ಸಾಧನ ಇರಬೇಕು? ಕಾಗದ, ಮಣಿಕಟ್ಟು, ಎದೆ, ಹೆಲ್ಮೆಟ್, ಧ್ವನಿ: ಒಂದು ಹೋಲಿಕೆ

1971ರ ಫೆಬ್ರವರಿಯಲ್ಲಿ ಅಮೆರಿಕದ ಚಂದ್ರಯಾನ ಅಪೊಲೊ 14ರ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಮೇಲೆ ಕೋನ್ ಕ್ರೇಟರ್ ಎಂಬ ಕುಳಿಯ ಅಂಚನ್ನು ಹುಡುಕಿಕೊಂಡು ಹೊರಟರು. ಅವರ ಹತ್ತಿರ ಮೇಲಿನಿಂದ ತೆಗೆದ ಫೋಟೊಗಳ ನಕ್ಷೆ ಇತ್ತು. ಉಪಕರಣ ಎಳೆದುಕೊಂಡು ಹೋಗಲು ಎರಡು ಚಕ್ರದ ಗಾಡಿ ಇತ್ತು. ಏರು ಹತ್ತಿದ ಹಾಗೆಲ್ಲ ಒಂದು ದಿಬ್ಬದ ಹಿಂದೆ ಇನ್ನೊಂದು ದಿಬ್ಬ ಕಾಣಿಸಿತು. ಕಣ್ಣೆದುರಿನ ಕುಳಿ ನಕ್ಷೆಯ ಯಾವ ಕುಳಿ ಅಂತ ಗುರುತೇ ಸಿಗಲಿಲ್ಲ. ಕೊನೆಗೆ ಸಮಯ ಮುಗಿದು ವಾಪಸ್ ಬಂದರು. ಅವರು ತಿರುಗಿಕೊಂಡ ಜಾಗದಿಂದ ಅಂಚು ಸುಮಾರು 30 ಮೀಟರ್ ದೂರದಲ್ಲಿತ್ತು ಎಂಬುದು ಆಮೇಲೆ ಚಿತ್ರಗಳನ್ನು ನೋಡಿದಾಗ ತಿಳಿಯಿತು.

ಇಬ್ಬರೂ ಚೆನ್ನಾಗಿ ತರಬೇತಿ ಪಡೆದವರು. ಆ ಹೊತ್ತಿಗೆ ಅವರಿಗೆ ಬೇಕಿದ್ದದ್ದು ಒಂದೇ ಒಂದು ಮಾಹಿತಿ: ನಾವು ಈಗ ಎಲ್ಲಿದ್ದೇವೆ? ಗಗನಯಾತ್ರಿಗಳು ಧರಿಸುವ ಸಾಧನಗಳ ಬಗ್ಗೆ ಯೋಚಿಸುವಾಗ ನಾನು ಯಾವಾಗಲೂ ಈ ಪ್ರಸಂಗದಿಂದಲೇ ಶುರು ಮಾಡುತ್ತೇನೆ. ಯಾವ ಸ್ಕ್ರೀನ್, ಯಾವ ಚಿಪ್ ಎಂಬ ಪ್ರಶ್ನೆಗಳು ಆಮೇಲೆ ಬರಲಿ. ನಡೆಯುವವರು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ ಅನ್ನುವುದು ಮೊದಲು.

ಆ ಪ್ರಶ್ನೆಗಳು ನಾಲ್ಕೇ. ನಾನು ಎಲ್ಲಿದ್ದೇನೆ? ಮುಂದಿನ ಕೆಲಸ ಏನು? ನನ್ನ ಉಡುಪು, ಆಮ್ಲಜನಕ, ತಂಪು ಎಲ್ಲ ಸರಿಯಾಗಿದೆಯಾ? ನಾನು ಕಂಡದ್ದನ್ನು ಹೇಗೆ ದಾಖಲಿಸಲಿ? ಕಾಲೇಜು ಪ್ರಾಜೆಕ್ಟಿಗೋ, ವಿನ್ಯಾಸ ಸ್ಪರ್ಧೆಗೋ ಇಂಥ ಸಾಧನ ಮಾಡಲು ಹೊರಟವರು ಈ ನಾಲ್ಕನ್ನೂ ಒಂದೇ ಸ್ಕ್ರೀನಿನಲ್ಲಿ ತುರುಕಲು ನೋಡುತ್ತಾರೆ. ಅಲ್ಲೇ ತಪ್ಪುವುದು. ಒಂದೊಂದು ಪ್ರಶ್ನೆಗೂ ಮೈಮೇಲೆ ಬೇರೆ ಬೇರೆ ಜಾಗ ಒಪ್ಪುತ್ತದೆ.

ಮೊದಲು ಗ್ಲೌಸ್

ಯಾವ ಆಯ್ಕೆಯನ್ನಾದರೂ ತೂಗುವ ಮೊದಲು ಕೈಯನ್ನು ನೋಡಬೇಕು. ಬಾಹ್ಯಾಕಾಶ ನಿಲ್ದಾಣದಲ್ಲಿ ಬಳಸುವ ಅಮೆರಿಕದ ಉಡುಪಿನ ಒಳಗೆ 4.3 ಪಿಎಸ್‌ಐ ಒತ್ತಡ ಇರುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಆದರೆ ಹೊರಗೆ ಏನೂ ಇಲ್ಲ. ಹಾಗಾಗಿ ಗ್ಲೌಸ್ ಉಬ್ಬಿ ಬಿಗಿಯಾಗಿರುತ್ತದೆ. ಬೆರಳು ಮಡಿಸುವುದು ಅಂದರೆ ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಪ್ರತಿ ಸಲ ಹಿಂಡಿದ ಹಾಗೆ. ಕೈ ಬಿಟ್ಟರೆ ಗ್ಲೌಸ್ ತಾನಾಗಿ ನೆಟ್ಟಗಾಗುತ್ತದೆ.

ಗ್ಲೌಸಿನ ಒತ್ತಡಕ್ಕೆ ಉಗುರು ಕಿತ್ತುಬಂದ ಗಗನಯಾತ್ರಿಗಳಿದ್ದಾರೆ. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯೂಜಿನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಮೂರು ದಿನ, ಒಟ್ಟು ಸುಮಾರು 22 ಗಂಟೆ ಹೊರಗೆ ಕೆಲಸ ಮಾಡಿದರು. ಅವರ ಬೆರಳು ಮತ್ತು ಮುಂಗೈ ಎಷ್ಟು ನೊಂದಿರಬೇಡ! ಸುತ್ತಿಗೆ, ಸಲಿಕೆ, ಮಾದರಿ ಚೀಲ ಎಲ್ಲಕ್ಕೂ ಬೇಕಾದದ್ದು ಅದೇ ಕೈ. ನಿಮ್ಮ ಸಾಧನ ಕೇಳುವ ಪ್ರತಿಯೊಂದು ಒತ್ತು, ಪ್ರತಿಯೊಂದು ಸ್ವೈಪ್ ಕಲ್ಲು ಎತ್ತುವ ಶಕ್ತಿಯಿಂದ ಕಡಿತವಾಗುತ್ತದೆ. ಆದ್ದರಿಂದ ನನ್ನ ಮೊದಲ ಅಳತೆ ಇದು: ಈ ಸಾಧನ ಕೈಗೆ ಎಷ್ಟು ಕೆಲಸ ಕೊಡುತ್ತದೆ? ಉಳಿದ ಅಳತೆಗಳೆಲ್ಲ ಇದಾದ ಮೇಲೆ.

ಕಾಗದದ ಪುಸ್ತಕ: ಹಳೆಯದು, ಆದರೆ ಬಿಡಬೇಡಿ

ಅಪೊಲೊ 11ರಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಗ್ಲೌಸಿನ ಮಣಿಕಟ್ಟಿನ ಭಾಗಕ್ಕೇ ಹೊಲಿದಿದ್ದರು. ಅಪೊಲೊ 12ರಿಂದ ಅದರ ಜಾಗಕ್ಕೆ ಸ್ಪೈರಲ್ ಹಾಕಿದ ಪುಟ್ಟ ಪುಸ್ತಕ ಬಂತು. ನಿಲ್ದಾಣದ ಹೊರಗೆ ನಡೆಯುವವರ ಮಣಿಕಟ್ಟಿನಲ್ಲೂ ಇಂಥ ಪುಸ್ತಕ ಇರುತ್ತದೆ.

ಇದಕ್ಕೆ ಬ್ಯಾಟರಿ ಬೇಡ. ಚಳಿಗೆ ಹೆಪ್ಪುಗಟ್ಟುವುದಿಲ್ಲ. ವಿಕಿರಣ ತಾಗಿ ಹ್ಯಾಂಗ್ ಆಗುವುದಿಲ್ಲ. ಬಿಸಿಲು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ. ಆದರೆ ಹೊರಗೆ ಹೋದ ಮೇಲೆ ಯೋಜನೆ ಬದಲಾದರೆ ಪುಸ್ತಕ ಬದಲಾಗುವುದಿಲ್ಲ. ನೀವು ಎಲ್ಲಿದ್ದೀರಿ ಅಂತ ಅದು ಹೇಳುವುದೂ ಇಲ್ಲ.

ಯಾವ ಆಯ್ಕೆ ಮಾಡಿದರೂ ತುರ್ತು ಸಂದರ್ಭದ ಕ್ರಮಗಳನ್ನು ಮಾತ್ರ ಕಾಗದದಲ್ಲಿ ಇಡಿ. ಎಲೆಕ್ಟ್ರಾನಿಕ್ ಸಾಧನ ಕೈಕೊಟ್ಟ ಹೊತ್ತಿಗೆ ಬೇಕಾಗುವುದೇ ಆ ಪುಟಗಳು, ಅಲ್ವಾ?

ಮಣಿಕಟ್ಟಿನ ಸ್ಕ್ರೀನ್: ಹೆಚ್ಚಿನ ಕೆಲಸಕ್ಕೆ ಇದೇ ಸರಿ

ಓದುವ ಮಾಹಿತಿಗೆ ನನ್ನ ಆಯ್ಕೆ ಮುಂಗೈ. ಬೇಕಾದಾಗ ಕಣ್ಣೆದುರು ತರಬಹುದು, ಬೇಡವಾದಾಗ ಪಕ್ಕಕ್ಕೆ ಹೋಗುತ್ತದೆ. ಸೂರ್ಯನ ಬೆಳಕು ಅಡ್ಡ ಬಂದರೆ ಕೈ ಸ್ವಲ್ಪ ತಿರುಗಿಸಿದರೆ ಆಯಿತು. ಕೆಟ್ಟುಹೋದರೆ ಕಣ್ಣಿಗೆ ಅಡ್ಡ ನಿಲ್ಲುವುದಿಲ್ಲ. ಉಳಿದ ಯಾವ ಜಾಗಕ್ಕೂ ಈ ಅನುಕೂಲಗಳೆಲ್ಲ ಒಟ್ಟಿಗೆ ಇಲ್ಲ.

ಆದರೆ ನಮ್ಮ ಸ್ಮಾರ್ಟ್‌ವಾಚನ್ನೇ ದೊಡ್ಡದು ಮಾಡಿ ಕಟ್ಟಿದರೆ ಆಗುವುದಿಲ್ಲ. ಮೊದಲನೆಯ ತೊಂದರೆ ಟಚ್. ಫೋನಿನ ಟಚ್‌ಸ್ಕ್ರೀನ್ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತದೆ. ಹಲವು ಪದರದ ದಪ್ಪ ಗ್ಲೌಸಿನ ಒಳಗಿನ ಬೆರಳು ಅದಕ್ಕೆ ಕಾಣುವುದೇ ಇಲ್ಲ. ಗ್ಲೌಸಿನ ತುದಿಗೆ ವಿದ್ಯುತ್ ಹರಿಯುವ ಬಟ್ಟೆ ಹೊಲಿಯಬಹುದು, ಆದರೆ ಬೆರಳ ತುದಿ ತುಂಬ ದಪ್ಪ. ಎಲ್ಲಿ ಒತ್ತುತ್ತಿದ್ದೇನೆ ಅನ್ನುವ ಸ್ಪರ್ಶವೂ ಸಿಗುವುದಿಲ್ಲ. ನನ್ನ ಮಟ್ಟಿಗೆ ಉತ್ತರ ಸರಳ: ದೊಡ್ಡ, ಉಬ್ಬಿದ, ಒಂದಕ್ಕೊಂದು ದೂರ ಇರುವ ನಾಲ್ಕೈದು ಬಟನ್. ಒತ್ತಿದ್ದು ಒಳಗಿನ ಬೆರಳಿಗೆ ತಿಳಿಯುವಷ್ಟು ಗಟ್ಟಿಯಾಗಿ ಅವು ಕೂರಬೇಕು. ಚಂದ್ರನಿಗಾಗಿ ನಾಸಾ ಮತ್ತು ನಿಕಾನ್ ಸೇರಿ ಸಿದ್ಧಪಡಿಸುತ್ತಿರುವ ಕ್ಯಾಮೆರಾದಲ್ಲೂ ಗ್ಲೌಸ್ ಹಾಕಿದ ಕೈಗೆಂದೇ ಬಟನ್‌ಗಳನ್ನು ಬದಲಿಸಿದ್ದಾರೆ.

ಎರಡನೆಯದು ಶಾಖ. ಭೂಮಿಯ ಮೇಲೆ ನಮ್ಮ ಫೋನನ್ನು ಸುತ್ತಲಿನ ಗಾಳಿ ತಣ್ಣಗಾಗಿಸುತ್ತದೆ. ಚಂದ್ರನ ಮೇಲೆ ಗಾಳಿ ಇಲ್ಲ. ಬಿಸಿಲಿಗೆ ಬಿದ್ದ ಸಾಧನ ತನ್ನ ಬಿಸಿಯನ್ನು ಹೊರಸೂಸಿ ಅಥವಾ ಉಡುಪಿಗೆ ದಾಟಿಸಿಯೇ ಕಳೆದುಕೊಳ್ಳಬೇಕು. ಅದೇ ಸಾಧನ ಬಂಡೆಯ ನೆರಳಿಗೆ ಹೋದರೆ ತಣ್ಣಗಾಗುತ್ತಾ ಹೋಗುತ್ತದೆ. 2023ರಲ್ಲಿ ಚಂದ್ರಯಾನ-3 ಇಳಿದ ಜಾಗದಲ್ಲಿ ನೆಲದ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇತ್ತು. ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10 ಡಿಗ್ರಿ! ಇಸ್ರೋ ಕಳಿಸಿದ ಚೇಸ್ಟ್ ಉಪಕರಣ ಅಳೆದು ಹೇಳಿದ ಲೆಕ್ಕ ಇದು. ಸಮಭಾಜಕದ ಹತ್ತಿರ ಮಧ್ಯಾಹ್ನ ಸುಮಾರು 120 ಡಿಗ್ರಿ ಮುಟ್ಟುತ್ತದೆ. ದಕ್ಷಿಣ ಧ್ರುವದ ಬಳಿ ಬಿಸಿಲೇ ಕಾಣದ ಕುಳಿಗಳಲ್ಲಿ ಮೈನಸ್ 200ಕ್ಕಿಂತ ಕೆಳಗೆ. ಮಾಮೂಲಿ ಎಲ್‌ಸಿಡಿ ಪರದೆ ಹೆಚ್ಚು ಚಳಿಗೆ ನಿಧಾನವಾಗಿ, ಆಮೇಲೆ ನಿಂತೇಹೋಗುತ್ತದೆ. ಲಿಥಿಯಂ ಬ್ಯಾಟರಿಯೂ ಚಳಿಗೆ ಸೊರಗುತ್ತದೆ. ಹಾಗಾಗಿ ಬ್ಯಾಟರಿಯನ್ನು ಬೆನ್ನಿನ ಚೀಲದ ಬೆಚ್ಚಗಿನ ಭಾಗದಲ್ಲಿಟ್ಟು, ಮಣಿಕಟ್ಟಿಗೆ ಬರೀ ಪರದೆ ತರುವುದು ಒಳ್ಳೆಯದು. ಆಗ ಒಂದು ವೈರ್ ಬೇಕಾಗುತ್ತದೆ, ಆ ವೈರ್ ಮೊಣಕೈಯ ಹತ್ತಿರ ಮಡಚಿ ಮಡಚಿ ತುಂಡಾಗದಂತೆ ನೋಡಿಕೊಳ್ಳಬೇಕು.

ಮೂರನೆಯದು ದೂಳು. ಚಂದ್ರನ ದೂಳನ್ನು ಗಾಳಿ, ನೀರು ಸವೆಸಿಲ್ಲ. ಕಣಗಳ ಅಂಚು ಚೂಪಾಗಿಯೇ ಉಳಿದಿದೆ. ವಿದ್ಯುದಾವೇಶ ಇರುವುದರಿಂದ ಅಂಟಿಕೊಳ್ಳುತ್ತದೆ, ಒರೆಸಿದರೆ ಗೀರುತ್ತದೆ. ಅಪೊಲೊ 16ರಲ್ಲಿ ಮಾಪಕಗಳ ಗಾಜು ಓದಲಾಗದಷ್ಟು ಗೀರಿಹೋಗಿತ್ತು. ವೆಲ್ಕ್ರೋ ಪಟ್ಟಿಗಳಲ್ಲೂ ದೂಳು ತುಂಬಿಕೊಳ್ಳುತ್ತದೆ. ಪರದೆಯ ಮೇಲೆ ಒಂದೊಂದಾಗಿ ಕಿತ್ತು ಹಾಕಬಹುದಾದ ತೆಳು ಹಾಳೆಗಳ ಪದರ ಇಡುವುದು ಅಗ್ಗದ ದಾರಿ. ವಿದ್ಯುತ್ ಕ್ಷೇತ್ರದಿಂದ ದೂಳನ್ನು ತಳ್ಳಿಹಾಕುವ ನಾಸಾದ ಕವಚವನ್ನು 2025ರ ಮಾರ್ಚ್‌ನಲ್ಲಿ ಬ್ಲೂ ಗೋಸ್ಟ್ ನೌಕೆಯ ಜೊತೆ ಚಂದ್ರನ ಮೇಲೇ ಪರೀಕ್ಷಿಸಿದರು. ಮುಂದೆ ಅದು ಪರದೆಗಳಿಗೂ ಬಂದರೆ ಎಷ್ಟು ಚೆನ್ನ!

ಇನ್ನು ಕೈಗಡಿಯಾರದ ಒಂದು ಸಂಗತಿ. ಅಪೊಲೊ 15ರಲ್ಲಿ ಡೇವಿಡ್ ಸ್ಕಾಟ್ ಉಡುಪಿನ ಹೊರಗೆ ಕಟ್ಟಿಕೊಂಡಿದ್ದ ಒಮೆಗಾ ಗಡಿಯಾರದ ಗಾಜು ಎರಡನೆಯ ನಡಿಗೆಯ ಹೊತ್ತಿಗೆ ಹಾರಿಹೋಯಿತು. ಮೂರನೆಯ ನಡಿಗೆಗೆ ಅವರು ತಮ್ಮ ಹತ್ತಿರವಿದ್ದ ಬುಲೋವಾ ಗಡಿಯಾರ ಕಟ್ಟಿಕೊಂಡರು. ಅಷ್ಟು ಪರೀಕ್ಷೆ ಪಾಸಾದ ಗಡಿಯಾರಕ್ಕೂ ಬದಲಿ ಬೇಕಾಯಿತು. ನಿಮ್ಮ ಮಣಿಕಟ್ಟಿನ ಸಾಧನವನ್ನು ಗ್ಲೌಸ್ ಹಾಕಿದ ಒಂದೇ ಕೈಯಿಂದ ಬಿಚ್ಚಿ ಬೇರೆಯದನ್ನು ಕಟ್ಟಿಕೊಳ್ಳಲು ಆಗುತ್ತದೆಯೇ ನೋಡಿ.

ಎದೆ: ಒತ್ತಲು ಒಳ್ಳೆಯದು, ಓದಲು ಕಷ್ಟ

ಅಪೊಲೊ ಉಡುಪಿನ ಎದೆಯ ಮೇಲೆ ಒಂದು ಪೆಟ್ಟಿಗೆ ಇತ್ತು. ಫ್ಯಾನ್, ಪಂಪ್, ರೇಡಿಯೊ ಸ್ವಿಚ್‌ಗಳು ಮತ್ತು ಆಮ್ಲಜನಕದ ಮಾಪಕ ಅದರಲ್ಲಿದ್ದವು. ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ ಕೂಡ ಅದಕ್ಕೇ ಸಿಕ್ಕಿಸಿಕೊಳ್ಳುತ್ತಿತ್ತು. ಕ್ಯಾಮೆರಾಕ್ಕೆ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇರಲಿಲ್ಲ. ದೇಹವನ್ನೇ ತಿರುಗಿಸಿ ಗುರಿ ಹಿಡಿದು ಚಿತ್ರ ತೆಗೆಯುತ್ತಿದ್ದರು. ನಾವೆಲ್ಲ ನೋಡಿ ಬೆಳೆದ ಚಂದ್ರನ ಎಷ್ಟೋ ಚಿತ್ರಗಳು ಹೀಗೆ ಎದೆಯಿಂದಲೇ ತೆಗೆದವು.

ಎರಡೂ ಕೈಗೆ ಸಿಗುವ ಜಾಗ ಇದು. ಬೆನ್ನಿನ ಚೀಲದ ವಿದ್ಯುತ್ತಿಗೂ ಹತ್ತಿರ. ತೊಂದರೆ ಇರುವುದು ಕಣ್ಣಿಗೆ. ಹೆಲ್ಮೆಟ್ಟಿನೊಳಗೆ ತಲೆ ಬಗ್ಗಿಸಿ ಎದೆ ನೋಡುವುದು ಕಷ್ಟ. ನಿಲ್ದಾಣದ ಉಡುಪಿನಲ್ಲಿ ಎದೆಯ ನಿಯಂತ್ರಣ ಫಲಕದ ಅಕ್ಷರಗಳನ್ನು ಉಲ್ಟಾ ಬರೆದಿರುತ್ತಾರೆ. ಮಣಿಕಟ್ಟಿಗೆ ಕಟ್ಟಿದ ಪುಟ್ಟ ಕನ್ನಡಿಯಲ್ಲಿ ನೋಡಿದಾಗ ಅವು ನೇರವಾಗಿ ಕಾಣುತ್ತವೆ! ಇಷ್ಟು ಜಾಣ ಉಪಾಯ ಬೇಕಾಯಿತು ಅಂದರೆ ಆ ಜಾಗ ಓದಲಿಕ್ಕೆ ಹೇಳಿಮಾಡಿಸಿದ್ದಲ್ಲ ಅಂತಲೇ ಅರ್ಥ. ಜೊತೆಗೆ, ಎದೆಯಿಂದ ಹೊರಚಾಚಿದ ವಸ್ತು ನಡೆಯುವವರ ಪಾದವನ್ನೇ ಮರೆಮಾಡುತ್ತದೆ. ನಿಲ್ದಾಣದಲ್ಲಿ ತೇಲುವವರಿಗೆ ಅದು ಅಷ್ಟು ದೊಡ್ಡ ವಿಷಯ ಅಲ್ಲ. ಕಲ್ಲು ಕುಳಿಗಳ ನಡುವೆ ಕಾಲಿಡುವವರಿಗೆ ದೊಡ್ಡದೇ. ಎದೆಗೆ ಕ್ಯಾಮೆರಾ, ದೊಡ್ಡ ಸ್ವಿಚ್‌ಗಳನ್ನು ಕೊಡಿ. ಪಟ್ಟಿ, ನಕ್ಷೆ ಬೇಡ.

ಹೆಲ್ಮೆಟ್ಟಿನ ಪ್ರದರ್ಶಕ: ಆಸೆ ದೊಡ್ಡದು, ಬೆಲೆಯೂ ದೊಡ್ಡದು

ಕಣ್ಣೆದುರೇ ನಕ್ಷೆ ತೇಲುತ್ತಿರಬೇಕು, ಕಲ್ಲಿನ ಪಕ್ಕದಲ್ಲೇ ಅದರ ವಿವರ ಬರಬೇಕು. ಈ ಕನಸು ಎಲ್ಲರಿಗೂ ಇದೆ. ನಾಸಾ ವಿದ್ಯಾರ್ಥಿಗಳಿಗಾಗಿ ನಡೆಸುವ ‘ಸೂಟ್ಸ್’ ಸ್ಪರ್ಧೆಯ ವಿಷಯವೇ ಉಡುಪಿನ ಇಂಥ ಪ್ರದರ್ಶಕಗಳು. 2024ರ ಮೇ ತಿಂಗಳಲ್ಲಿ ಅರಿಜೋನಾದ ಜ್ವಾಲಾಮುಖಿ ಬಯಲಿನಲ್ಲಿ ನಾಸಾ ಗಗನಯಾತ್ರಿಗಳಾದ ಕೇಟ್ ರೂಬಿನ್ಸ್ ಮತ್ತು ಆಂಡ್ರೆ ಡಗ್ಲಸ್ ಅಣಕು ಉಡುಪು ಹಾಕಿಕೊಂಡು ಚಂದ್ರನ ನಡಿಗೆಯ ಅಭ್ಯಾಸ ಮಾಡಿದಾಗ ಇಂಥ ತಂತ್ರಜ್ಞಾನದ ಪ್ರಯೋಗವೂ ನಡೆಯಿತು. ಕೈಗೆ ಕೆಲಸವೇ ಇಲ್ಲ ಅನ್ನುವುದು ಇದರ ನಿಜವಾದ ಬಲ. ನನ್ನ ಮೊದಲ ಅಳತೆಯಲ್ಲಿ ಇದಕ್ಕೆ ಪೂರ್ತಿ ಅಂಕ.

ಆದರೆ ಹೆಲ್ಮೆಟ್ಟಿನ ಒಳಗೆ ಇಡುವುದಾದರೆ ಅಲ್ಲಿರುವುದು ಶುದ್ಧ ಆಮ್ಲಜನಕ. 1967ರಲ್ಲಿ ಅಪೊಲೊ 1ರ ಮೂವರನ್ನು ಬಲಿ ತೆಗೆದುಕೊಂಡ ಬೆಂಕಿ ಹರಡಿದ್ದು ಶುದ್ಧ ಆಮ್ಲಜನಕದಲ್ಲೇ. ಮುಖದ ಪಕ್ಕ ಒಂದು ವೈರ್ ಇಡುವ ಮೊದಲು ಅದನ್ನು ನೆನೆಯಲೇಬೇಕು. ಎರಡನೆಯ ಮಾತು, ಹೆಲ್ಮೆಟ್ಟಿನೊಳಗೆ ಏನಾದರೂ ತಪ್ಪಾದರೆ ಕೈ ಅಲ್ಲಿಗೆ ಹೋಗುವುದಿಲ್ಲ. 2013ರ ಜುಲೈಯಲ್ಲಿ ನಿಲ್ದಾಣದ ಹೊರಗಿದ್ದ ಇಟಲಿಯ ಗಗನಯಾತ್ರಿ ಲೂಕಾ ಪರ್ಮಿಟಾನೊ ಅವರ ಹೆಲ್ಮೆಟ್ಟಿನಲ್ಲಿ ತಂಪುಮಾಡುವ ನೀರು ಸೋರಿ ತುಂಬಿಕೊಂಡಿತು. ಕಣ್ಣು, ಮೂಗಿನವರೆಗೆ ನೀರು ಬಂದರೂ ಒರೆಸಿಕೊಳ್ಳಲು ದಾರಿ ಇರಲಿಲ್ಲ. ಕೆಟ್ಟು ಮಿನುಗುತ್ತಿರುವ ಪ್ರದರ್ಶಕವನ್ನೂ ಹಾಗೆಯೇ ಸಹಿಸಿಕೊಂಡು ವಾಪಸ್ ನಡೆಯಬೇಕು.

ಹೊರಗೆ ಜೋಡಿಸಿದರೆ ಬೆಂಕಿಯ ಭಯ ಹೋಗುತ್ತದೆ, ದೂಳು ಮತ್ತು ತಾಪದ ಕಷ್ಟ ಬರುತ್ತದೆ.

ಇನ್ನು ಬೆಳಕು. ದಕ್ಷಿಣ ಧ್ರುವದ ಹತ್ತಿರ ಸೂರ್ಯ ದಿಗಂತದಿಂದ ಕೆಲವೇ ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ಸೂರ್ಯನ ಕಡೆ ತಿರುಗಿದರೆ ಕಣ್ಣು ಕೋರೈಸುವ ಬೆಳಕು, ನೆರಳಿನ ಕಡೆ ತಿರುಗಿದರೆ ಕಡುಗತ್ತಲೆ. ಒಂದರಲ್ಲಿ ಕಾಣುವಷ್ಟು ಪ್ರಕಾಶ ಇಟ್ಟರೆ ಇನ್ನೊಂದರಲ್ಲಿ ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ. ಆ ಕಣ್ಣು ಮತ್ತೆ ಸರಿಹೋಗುವವರೆಗೆ ಕಾಲಿಡುವ ಜಾಗ ಕಾಣದು.

ಹಾಗಂತ ಇದನ್ನು ಕೈಬಿಡಿ ಅಂತ ನಾನು ಹೇಳುವುದಿಲ್ಲ. ಚಿಕ್ಕದಾಗಿ ಇಡಿ ಅನ್ನುತ್ತೇನೆ. ಕಣ್ಣಂಚಿನಲ್ಲಿ ಒಂದು ಬಾಣ, ಒಂದು ಸಂಖ್ಯೆ, ಒಂದು ಎಚ್ಚರಿಕೆಯ ದೀಪ. ಇಷ್ಟೇ. ಇದಕ್ಕಿಂತ ಜಾಸ್ತಿ ಬೇಕಾದರೆ ಮಣಿಕಟ್ಟು ಎತ್ತಿ ನೋಡಲಿ.

ಧ್ವನಿ: ದಾಖಲಿಸಲು ಇದನ್ನು ಮೀರಿಸಿದ್ದಿಲ್ಲ

ಅಪೊಲೊ ಕಾಲದಲ್ಲಿ ಭೂವಿಜ್ಞಾನದ ದಾಖಲೆ ಉಳಿದದ್ದು ಮುಖ್ಯವಾಗಿ ಮಾತಿನಿಂದ. ಕಲ್ಲಿನ ಬಣ್ಣ, ಕಣದ ಗಾತ್ರ, ಚೀಲದ ನಂಬರ್ ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಾ ಹೋಗುತ್ತಿದ್ದರು. ಭೂಮಿಯ ನಿಯಂತ್ರಣ ಕೊಠಡಿ ಇದ್ದ ಹ್ಯೂಸ್ಟನ್ನಿನಲ್ಲಿ ಭೂವಿಜ್ಞಾನಿಗಳು ಕೂತು ಕೇಳುತ್ತಿದ್ದರು. ಶಾರ್ಟಿ ಕುಳಿಯ ಹತ್ತಿರ ಕಿತ್ತಳೆ ಬಣ್ಣದ ಮಣ್ಣು ಕಂಡಾಗ ಶ್ಮಿಟ್ ಏನನ್ನೂ ಟೈಪ್ ಮಾಡಬೇಕಾಗಲಿಲ್ಲ. ಕಂಡದ್ದನ್ನು ಕೂಗಿ ಹೇಳಿದರು.

ಮಾತನ್ನು ಬರಹ ಮಾಡುವ ತಂತ್ರಾಂಶ ಈಗ ಇದೆ. ಮಾತಿಗೆ ಆ ಕ್ಷಣದ ಚಿತ್ರ, ಜಾಗ, ಸಮಯ ಸೇರಿಸಿ ಇಟ್ಟರೆ ಟಿಪ್ಪಣಿ ತಾನಾಗಿ ಸಿದ್ಧ. ಆದರೆ ಉಡುಪಿನೊಳಗೆ ಫ್ಯಾನಿನ ಸದ್ದು, ಏದುಸಿರು, ಜೊತೆಗಾರನ ಮಾತು ಎಲ್ಲ ಸೇರಿಕೊಳ್ಳುತ್ತವೆ. ದಾಖಲೆಯಲ್ಲಿ ಒಂದು ಶಬ್ದ ತಪ್ಪಿದರೆ ಆಮೇಲೆ ತಿದ್ದಿಕೊಳ್ಳಬಹುದು. ಆಜ್ಞೆಯಲ್ಲಿ ತಪ್ಪಿದರೆ ಕಷ್ಟ. ಆದ್ದರಿಂದ ಜೀವ ಉಳಿಸುವ ವ್ಯವಸ್ಥೆಯ ಯಾವ ಸ್ವಿಚ್ಚನ್ನೂ ಮಾತಿಗೆ ಒಪ್ಪಿಸಬೇಡಿ.

ಟ್ಯಾಬ್ಲೆಟ್ ಬಗ್ಗೆ ಎರಡೇ ಮಾತು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಸ್ಪೇನಿನ ಲ್ಯಾಂಜರೋಟೆ ದ್ವೀಪದಲ್ಲಿ ಗಗನಯಾತ್ರಿಗಳಿಗೆ ಭೂವಿಜ್ಞಾನ ಕಲಿಸಲು ನಡೆಸುವ ಪ್ಯಾಂಜಿಯಾ ತರಬೇತಿಯಲ್ಲಿ ಎಲೆಕ್ಟ್ರಾನಿಕ್ ಕ್ಷೇತ್ರ ಪುಸ್ತಕವನ್ನು ಬಳಸಿ ನೋಡಿದ್ದಾರೆ. ದೊಡ್ಡ ನಕ್ಷೆ, ಮಾದರಿಗಳ ಪಟ್ಟಿ ನೋಡಲು ಇದು ಸೊಗಸು. ಆದರೆ ಇದರ ಜಾಗ ಗಾಡಿ ಅಥವಾ ರೋವರ್ ಮೇಲೆ, ಮೈಮೇಲೆ ಅಲ್ಲ.

ದಾರಿ ತೋರಿಸುವ ಭಾಗಕ್ಕೆ ಏನು ಮಾಡೋಣ?

ಚಂದ್ರನಿಗೂ ಮಂಗಳನಿಗೂ ಭೂಮಿಯಂಥ ಕಾಂತಕ್ಷೇತ್ರ ಇಲ್ಲ, ಹಾಗಾಗಿ ದಿಕ್ಸೂಚಿ ನಡೆಯುವುದಿಲ್ಲ. ಗಾಳಿ ಇಲ್ಲದ ಚಂದ್ರನಲ್ಲಿ ದೂರದ ವಸ್ತು ಮಸುಕಾಗುವುದೂ ಇಲ್ಲ, ಕಣ್ಣಿಗೆ ದೂರದ ಅಂದಾಜು ಸಿಗದು. ಅಪೊಲೊ 16ರಲ್ಲಿ ಹೌಸ್ ರಾಕ್ ಎಂಬ ಬಂಡೆ ಹತ್ತಿರದಲ್ಲೇ ಇದೆ ಅಂದುಕೊಂಡು ಹೊರಟರೆ, ನಡೆದಷ್ಟೂ ಅದು ದೊಡ್ಡದಾಗುತ್ತಾ ಹೋಯಿತು.

2025ರ ಮಾರ್ಚ್‌ನಲ್ಲಿ ಬ್ಲೂ ಗೋಸ್ಟ್ ಮೇಲಿದ್ದ ಲುಗ್ರೆ ಎಂಬ ರಿಸೀವರ್ ಚಂದ್ರನ ನೆಲದ ಮೇಲೆ ನಿಂತು ಭೂಮಿಯ ಜಿಪಿಎಸ್ ಮತ್ತು ಅದರಂಥದ್ದೇ ಯುರೋಪಿನ ಗೆಲಿಲಿಯೊ ಉಪಗ್ರಹಗಳ ಸಂಕೇತಗಳನ್ನು ಹಿಡಿಯಿತು. ಇದು ನಿಜಕ್ಕೂ ಸಂತೋಷದ ಸುದ್ದಿ. ಆದರೂ ಭೂಮಿ ಬೆಟ್ಟದ ಹಿಂದೆ ಮರೆಯಾದರೆ ಆ ಸಂಕೇತ ಸಿಗುವುದಿಲ್ಲ. ನಾನು ಹೆಚ್ಚು ನಂಬುವುದು ಅಪೊಲೊ 15, 16, 17ರ ರೋವರ್‌ನಲ್ಲಿದ್ದ ವ್ಯವಸ್ಥೆಯನ್ನು. ತಿರುಗಿದ ದಿಕ್ಕು ಹೇಳುವ ಒಂದು ಗೈರೊ, ಚಕ್ರದ ಸುತ್ತು ಎಣಿಸುವ ಮಾಪಕ, ಅಷ್ಟೇ. ನೌಕೆ ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ ಎಂಬ ಎರಡು ಸಂಖ್ಯೆಗಳನ್ನು ಅದು ತೋರಿಸುತ್ತಿತ್ತು. ನಡೆಯುವವರಿಗೂ ಮೊದಲು ಬೇಕಾದದ್ದು ಆ ಎರಡೇ ಸಂಖ್ಯೆ. ಬಣ್ಣಬಣ್ಣದ ನಕ್ಷೆ ಆಮೇಲೆ.

ಚಂದ್ರನಿಗೋ, ಮಂಗಳನಿಗೋ?

ಚಂದ್ರನಿಂದ ಮಾತು ಭೂಮಿಗೆ ಬರಲು 1.3 ಸೆಕೆಂಡು ಸಾಕು. ಹಾಗಾಗಿ ಭೂಮಿಯ ನಿಯಂತ್ರಣ ಕೊಠಡಿಯೇ ನೆನಪಿನ ಪುಸ್ತಕ. ಚಂದ್ರನಿಗಾಗಿ ಆಕ್ಸಿಯಂ ಕಂಪನಿ ಮಾಡುತ್ತಿರುವ ಹೊಸ ಉಡುಪಿಗೆ ನೋಕಿಯಾದ 4ಜಿ ಸಂಪರ್ಕ ಸೇರಿಸುವ ಯೋಜನೆಯೂ ಇದೆ. ಆದ್ದರಿಂದ ಚಂದ್ರನಿಗೆ ಮೈಮೇಲಿನ ಸಾಧನ ಸರಳವಾಗಿದ್ದರೂ ನಡೆಯುತ್ತದೆ. ಮಂಗಳನಿಂದ ಒಂದು ಕಡೆಗೇ 3ರಿಂದ 22 ನಿಮಿಷ ಬೇಕು. ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಗಗನಯಾತ್ರಿ ಮುಂದಿನ ಬಂಡೆಗೆ ಹೋಗಿರುತ್ತಾರೆ. ಅಲ್ಲಿ ಯೋಜನೆ ಬದಲಿಸುವ, ಆಮ್ಲಜನಕ ಲೆಕ್ಕ ಹಾಕುವ, ವಾಪಸ್ ದಾರಿ ಹೇಳುವ ಬುದ್ಧಿ ಎಲ್ಲ ಉಡುಪಿನಲ್ಲೇ ಇರಬೇಕು. ಮಣಿಕಟ್ಟಿನ ಸ್ಕ್ರೀನಿಗೆ ಆಗ ಬೆಲೆ ಇನ್ನೂ ಜಾಸ್ತಿ.

ನಮ್ಮಲ್ಲೇ ಪರೀಕ್ಷಿಸುವುದು ಹೇಗೆ

2040ರ ಹೊತ್ತಿಗೆ ಚಂದ್ರನ ಮೇಲೆ ಭಾರತೀಯರು ಇಳಿಯಬೇಕು ಎಂಬ ಗುರಿ ಇದೆ. ಮಾನವಸಹಿತ ಯಾನದ ಇಸ್ರೋ ಕೇಂದ್ರ ಇರುವುದು ಬೆಂಗಳೂರಿನಲ್ಲೇ. 2025ರ ಆಗಸ್ಟ್‌ನಲ್ಲಿ ಲಡಾಖ್‌ನ ತ್ಸೋ ಕರ್ ಕಣಿವೆಯಲ್ಲಿ ಇಸ್ರೋ ಬೆಂಬಲದೊಂದಿಗೆ ಬೆಂಗಳೂರಿನ ಪ್ರೋಟೋಪ್ಲಾನೆಟ್ ಕಂಪನಿ ‘ಹೋಪ್’ ಎಂಬ ಅಭ್ಯಾಸ ನೆಲೆ ನಡೆಸಿತು. ಚಂದ್ರಯಾನದ ಇಳಿಯುವ ಸಂವೇದಕಗಳ ಪರೀಕ್ಷೆಗೆ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನೇ ತೋಡಿದ್ದರು. ಇಂಥ ಸಾಧನ ಮಾಡುವ ಕೆಲಸ ನಮ್ಮ ಹುಡುಗ ಹುಡುಗಿಯರಿಗೆ ದೂರದ ಮಾತಲ್ಲ.

ಮನೆಯಲ್ಲೇ ಶುರು ಮಾಡಬಹುದು. ಉಲ್ಲನ್ ಗ್ಲೌಸ್ ಮೇಲೆ ವೆಲ್ಡಿಂಗ್ ಮಾಡುವವರ ಚರ್ಮದ ಗ್ಲೌಸ್ ಹಾಕಿ. ಫುಲ್ ಫೇಸ್ ಹೆಲ್ಮೆಟ್ ಹಾಕಿ, ಬೆನ್ನಿಗೆ ಭಾರದ ಚೀಲ ಹೊತ್ತುಕೊಳ್ಳಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಗಳ ನಡುವೆ ನಡೆಯಿರಿ, ಸಂಜೆ ಸೂರ್ಯ ಕೆಳಗಿಳಿದಾಗ ಅದಕ್ಕೆ ಎದುರಾಗಿ ಇನ್ನೊಮ್ಮೆ ನಡೆಯಿರಿ. ನೀರು ಕುಡಿಯಲು ಮಾತ್ರ ಮರೆಯಬೇಡಿ. ಜೊತೆಗೊಬ್ಬರು ಕೂತು ಎಣಿಸಲಿ: ಒಂದು ಕಲ್ಲನ್ನು ದಾಖಲಿಸಲು ಎಷ್ಟು ಸಲ ಬೆರಳು ಒತ್ತಿದಿರಿ, ಎಷ್ಟು ಸಲ ತಪ್ಪು ಬಟನ್ ಒತ್ತಿದಿರಿ, ಎಷ್ಟು ಹೊತ್ತು ನೆಲದಿಂದ ಕಣ್ಣು ತೆಗೆದಿರಿ. ಸ್ಕ್ರೀನ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಈ ಮೂರು ಲೆಕ್ಕಗಳೇ ಜಾಸ್ತಿ ಹೇಳುತ್ತವೆ.

ಮೊದಲ ಪ್ರಾಜೆಕ್ಟ್ ಆದರೆ ಎಡ ಮುಂಗೈಯಲ್ಲಿ ನಾಲ್ಕು ಬಟನ್ನಿನ ಪರದೆ, ಧ್ವನಿಯ ದಾಖಲೆ, ಕಾಗದದ ತುರ್ತು ಪುಟಗಳು ಇಷ್ಟನ್ನೇ ಮಾಡಿ. ಎಡಗೈಯಲ್ಲೇ ಸುತ್ತಿಗೆ ಹಿಡಿಯುವವರಿಗೆ ಪರದೆಯನ್ನು ಬಲ ಮುಂಗೈಗೆ ಬದಲಿಸಿಕೊಳ್ಳಲು ಆಗಬೇಕು. ತಂಡದಲ್ಲಿ ದೃಗ್ವಿಜ್ಞಾನ (ಬೆಳಕು, ಮಸೂರಗಳ ವಿಜ್ಞಾನ) ಬಲ್ಲವರಿದ್ದು, ಒಂದು ವರ್ಷವಾದರೂ ಸಮಯ ಇದ್ದರೆ ಮಾತ್ರ ಹೆಲ್ಮೆಟ್ಟಿನ ಬಾಣಕ್ಕೆ ಕೈಹಾಕಿ. ಅದನ್ನೂ ಮೊದಲು ಹೆಲ್ಮೆಟ್ಟಿನ ಹೊರಗಿನಿಂದ, ಬಿಚ್ಚಿ ತೆಗೆಯಬಹುದಾದ ಹಾಗೆ ಜೋಡಿಸಿ.